ಗೋವಾದಿಂದ ಕೊಚ್ಚಿಗೆ ಸ್ವಂತ ಹಾಯಿದೋಣಿಯಲ್ಲಿ: ಹೋಗಿ ಬಂದವರು ಹೇಳುತ್ತೀರಾ?

ನಮ್ಮದು 30 ಅಡಿಯ ಹಾಯಿದೋಣಿ, ಗೋವಾದ ಮಾಂಡೋವಿ ನದಿಯಲ್ಲಿ ನಿಂತಿದೆ. ನಾನು, ನಮ್ಮ ಯಜಮಾನರು, 9 ಮತ್ತು 13 ವರ್ಷದ ಇಬ್ಬರು ಮಕ್ಕಳು ಈ ಸಲ ಕರಾವಳಿ ಹಿಡಿದು ಕೊಚ್ಚಿಯವರೆಗೆ ಹೋಗಬೇಕೆಂದಿದ್ದೇವೆ. ಇದುವರೆಗೆ ಒಂದು ಹಗಲಿಗಿಂತ ಹೆಚ್ಚು ಕಡಲಲ್ಲಿ ಕಳೆದವರಲ್ಲ. ಯಾವಾಗ ಹೊರಡಬೇಕು, ರಾತ್ರಿ ಎಲ್ಲಿ ನಿಲ್ಲಬೇಕು, ಯಾವುದಕ್ಕೆ ಹೆದರಬೇಕು?

ಅದೇ ದಾರಿಯಲ್ಲಿ ಹೋಗಿದ್ದ ತಂದೆಯೊಬ್ಬರು:

ಮೇಡಂ, ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಬಲೆಗೆ ಹೆದರಿ. ಚಳಿಗಾಲದಲ್ಲಿ ನಮ್ಮ ಕಡಲಿನ ಗಾಳಿ, ಅಲೆಗಳೊಡನೆ ಹೇಗೋ ಹೊಂದಿಕೊಳ್ಳಬಹುದು. ಕತ್ತಲಲ್ಲಿ ತೇಲುವ ಬಲೆ ಮಾತ್ರ ಕಣ್ಣಿಗೆ ಬೀಳುವುದೇ ಇಲ್ಲ.

ನಾವು ಮುರ್ಡೇಶ್ವರದಿಂದ ಮಲ್ಪೆಗೆ ಹೊರಟಿದ್ದೆವು, ಸುಮಾರು 45 ನಾಟಿಕಲ್ ಮೈಲು. ಬೆಳಕು ಹರಿಯುವಾಗಲೇ ಲಂಗರು ಎತ್ತಬೇಕಿತ್ತು. ಮಕ್ಕಳು ಮಲಗಿರಲಿ ಎಂದು ಒಂಬತ್ತೂವರೆಗೆ ಹೊರಟೆವು. ಗಂಗೊಳ್ಳಿಯ ಎದುರಿಗೆ ಬರುವಾಗ ಕತ್ತಲಾಯಿತು. ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ಮರಳು ದಿಬ್ಬವಿದೆ, ರಾತ್ರಿ ಒಳಗೆ ಹೋಗುವ ಮಾತೇ ಇಲ್ಲ. ಮುಂದೆ ಸಾಗಿದೆವು. ಎಂಟು ಗಂಟೆಯ ಹೊತ್ತಿಗೆ ದಡ್ ಎಂದು ಸದ್ದಾಗಿ ಎಂಜಿನ್ ನಿಂತಿತು. ಮಗಳು ಟಾರ್ಚ್ ಹಿಡಿದಳು. ಪ್ರೊಪೆಲ್ಲರಿನ ಸುತ್ತ ಹಸಿರು ನೈಲಾನ್ ಹಗ್ಗ ಬಿಗಿದುಕೊಂಡು, ಬಿಸಿಗೆ ಕರಗಿ ಗಟ್ಟಿ ಉಂಡೆಯಾಗಿತ್ತು. ಪಕ್ಕದಲ್ಲೇ ಥರ್ಮಾಕೋಲಿನ ಬಿಳಿ ತುಂಡೊಂದು ದೋಣಿಗೆ ಬಡಿಯುತ್ತಿತ್ತು.

ಬಲೆಯವರೇ ಬಂದರು. ಬೈಗುಳ ತಿನ್ನಲು ಸಿದ್ಧನಾಗಿದ್ದೆ. ಅವರ ತಾಂಡೇಲರು, ಅಂದರೆ ಬೋಟ್ ನಡೆಸುವ ಮುಖ್ಯಸ್ಥರು, ಚೂರಿ ಕಚ್ಚಿಕೊಂಡು ತಾವೇ ನೀರಿಗಿಳಿದರು, ನಾಲ್ಕು ಸಲ ಮುಳುಗಿ ಹಗ್ಗ ಕತ್ತರಿಸಿದರು. ಮೇಲೆ ಬಂದು, ಉಸಿರು ತಿರುಗುವ ಮೊದಲೇ ತುಂಡಾದ ಎರಡು ತುದಿಗಳನ್ನು ಗಂಟು ಹಾಕತೊಡಗಿದರು. ಹಣ ಕೊಡಲು ಹೋದರೆ ಕೈ ಅಡ್ಡ ಹಿಡಿದರು. ಆ ಬಲೆ ಅವರ ಮನೆಯ ಅನ್ನ. ಆಮೇಲೆ ಕೊಚ್ಚಿಯವರೆಗೆ ಒಂದು ರಾತ್ರಿಯೂ ನಾವು ದೋಣಿ ನಡೆಸಲಿಲ್ಲ. ನೀವೂ ನಡೆಸಬೇಡಿ.

ಹೊರಡುವುದು ಡಿಸೆಂಬರ್ ಅರ್ಧ ಕಳೆದ ಮೇಲೆ ಇರಲಿ. ಅದಕ್ಕೂ ಮೊದಲು ಅರಬ್ಬೀ ಸಮುದ್ರವನ್ನು ನಂಬಬೇಡಿ. ಒಖಿ ಚಂಡಮಾರುತ ಬಂದದ್ದು 2017ರ ನವೆಂಬರ್ ಕೊನೆಯಲ್ಲಿ. ಜನವರಿಯಲ್ಲಿ ಬೆಳಗ್ಗೆ ನೆಲದ ಕಡೆಯಿಂದ ತೆಳುಗಾಳಿ, ಹತ್ತು ಹನ್ನೊಂದಕ್ಕೆ ಕಡಲು ಎಣ್ಣೆಯಂತೆ ನಿಶ್ಚಲ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಒಳ್ಳೆಯ ಗಾಳಿ. ದಕ್ಷಿಣಕ್ಕೆ ಹೋಗುವವರಿಗೆ ಅದು ಬೆನ್ನಿಗೆ ಬೀಸುತ್ತದೆ. ಬರುವಾಗ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಕೊಚ್ಚಿಗೆ ಎಷ್ಟು ದಿನ ಹಿಡಿಯಿತೋ ಮರಳಲು ಅದರ ಎರಡರಷ್ಟು ರಜೆ ಇಟ್ಟುಕೊಳ್ಳಿ.

ಮುರ್ಮುಗೋವಾದಿಂದ ಕಾರವಾರಕ್ಕೆ 40 ಮೈಲು, ಗಂಟೆಗೆ ಐದರಂತೆ ಎಂಟು ತಾಸು. ಕಾರವಾರದ ಕೊಲ್ಲಿ ಆಸರೆಯ ಜಾಗ. ಅದರ ದಕ್ಷಿಣಕ್ಕೆ ನೌಕಾನೆಲೆ ಇದೆ. ದೂರದಿಂದ ಹಾದುಹೋಗಿ, ಫೋಟೊ ಬೇಡ. ಮುರ್ಡೇಶ್ವರದಲ್ಲಿ ಗುಡ್ಡದ ದಕ್ಷಿಣ ಮಗ್ಗುಲಿಗೆ ನಿಂತರೆ ವಾಯವ್ಯದ ಗಾಳಿ ತಾಕುವುದಿಲ್ಲ. ನೇತ್ರಾಣಿ ದ್ವೀಪದ ಆಸೆ ಬಿಡಿ: ಸುತ್ತ ಹವಳವಿದೆ, ಲಂಗರು ಅದನ್ನು ಪುಡಿ ಮಾಡುತ್ತದೆ. ಮಂಗಳೂರಿನ ಬಂದರಿರುವ ಪಣಂಬೂರಿನಲ್ಲಿ ದೊಡ್ಡ ಹಡಗುಗಳ ದಾರಿ ದಾಟುವ ಮೊದಲು ರೇಡಿಯೊದಲ್ಲಿ ಬಂದರಿನವರಿಗೆ ಹೇಳಿ. ಅಲ್ಲಿಂದ ಕೊಚ್ಚಿಗೆ ಇನ್ನೂ 200 ಮೈಲು. ಕೊಚ್ಚಿಯ ಬೋಳ್ಗಾಟ್ಟಿಯಲ್ಲಿ ಹಾಯಿದೋಣಿಗಳನ್ನು ಕಟ್ಟಿ ನಿಲ್ಲಿಸುವ ಮರೀನಾ ಇದೆ. ಅಷ್ಟು ದಿನಗಳ ನಂತರ ದೋಣಿಯಿಂದ ನೇರವಾಗಿ ಕಟ್ಟೆಗೆ ಕಾಲಿಟ್ಟಾಗ ಮಕ್ಕಳು ಓಡಿದ ಓಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಇಬ್ಬರು ಮಕ್ಕಳೊಂದಿಗೆ ಮಂಗಳೂರಿನವರೆಗೆ ಹೋಗಿದ್ದ ತಾಯಿ:

ಮೊದಲ ಎರಡು ದಿನ ಮಕ್ಕಳಿಗೆ ವಾಂತಿ ಆಗುತ್ತದೆ. ಮಾತ್ರೆಯ ವಿಚಾರ ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಕೆಳಗೆ ಕ್ಯಾಬಿನ್‌ನಲ್ಲಿ ಮಲಗಿಸಬೇಡಿ, ಮೇಲೆ ಕೂರಿಸಿ ದೂರದ ದಡ ನೋಡಲು ಹೇಳಿ. ನನ್ನ ಮಗನಿಗೆ ಗಂಜಿ ಮತ್ತು ಮಿಡಿ ಉಪ್ಪಿನಕಾಯಿ ಬಿಟ್ಟು ಬೇರೇನೂ ಒಗ್ಗಲಿಲ್ಲ.

ಮೇಲೆ ಬಂದರೆ ಲೈಫ್ ಜಾಕೆಟ್, ಇದರಲ್ಲಿ ರಿಯಾಯಿತಿ ಇಲ್ಲ. ನಾವು ದೊಡ್ಡವರೂ ತೊಟ್ಟೆವು, ಆಗಲೇ ಮಕ್ಕಳು ಮಾತು ಕೇಳಿದ್ದು. ಹದಿಮೂರರವರಿಗೆ ನಿಜವಾದ ಕೆಲಸ ಕೊಡಿ. ನಮ್ಮವಳು ದೀಪಸ್ತಂಭಗಳ ಪಟ್ಟಿ ಇಟ್ಟುಕೊಂಡಿದ್ದಳು. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭವನ್ನು ನಮಗಿಂತ ಮೊದಲು ಅವಳೇ ಗುರುತಿಸಿದಳು.

ಮಲ್ಪೆಯ ಮೀನುಗಾರ ಕುಟುಂಬದವರೊಬ್ಬರು:

ಅಕ್ಕ, ಬಲೆಯ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಬಿದಿರಿನ ಕೋಲಿಗೆ ಬಾವುಟ ಕಟ್ಟಿದ್ದು ಕಂಡರೆ ಅದು ಬಲೆಯ ಒಂದು ತುದಿ. ಇನ್ನೊಂದು ಬಾವುಟ ಎಲ್ಲಿದೆ ಎಂದು ಹುಡುಕಿ. ಎರಡರ ನಡುವೆ ನುಗ್ಗಬೇಡಿ. ಎರಡು ಬೋಟ್‌ಗಳು ಸಮಸಮವಾಗಿ ನಿಧಾನ ಹೋಗುತ್ತಿದ್ದರೂ ಅಷ್ಟೇ, ನಡುವೆ ಬಲೆ ಇರಬಹುದು. ಸಂಶಯವಾದರೆ ಎಂಜಿನ್ ನ್ಯೂಟ್ರಲ್‌ಗೆ ತಂದು ಕೈ ಬೀಸಿ, ಯಾವ ಕಡೆ ಹೋಗಬೇಕೆಂದು ನಮ್ಮವರು ತೋರಿಸುತ್ತಾರೆ.

ಅಳಿವೆಯೊಳಗೆ ಹೋಗಲೇಬೇಕಾದರೆ ನೀರು ಏರುತ್ತಿರುವಾಗ ಮಾತ್ರ ಹೋಗಿ, ಒಳಗೆ ಹೋಗುವ ಬೋಟಿನ ಹಿಂದೆಯೇ ಹೋಗಿ. ಮರಳು ಪ್ರತಿ ಮಳೆಗಾಲದಲ್ಲಿ ಜಾಗ ಬದಲಿಸುತ್ತದೆ, ಹಳೆಯ ನಕ್ಷೆ ನಂಬಿದವರು ಕೂತುಬಿಡುತ್ತಾರೆ. ಕೋಸ್ಟ್ ಗಾರ್ಡ್ ಸಂಖ್ಯೆ 1554, ಕರಾವಳಿ ಕಾವಲು ಪೊಲೀಸರದು 1093. ಎರಡನ್ನೂ ಮಕ್ಕಳಿಗೂ ಬಾಯಿಪಾಠ ಮಾಡಿಸಿ. ದಡದಿಂದ ದೂರ ಹೋದರೆ ಮೊಬೈಲ್ ಸಿಗುವುದಿಲ್ಲ, ರೇಡಿಯೊದ 16ನೇ ಚಾನೆಲ್ ತೆರೆದಿರಲಿ.

ಮಲ್ಪೆಯ ಬಂದರಿನೊಳಗೆ ಬೋಟಿಗೆ ಬೋಟು ತಾಗಿ ನಿಂತಿರುತ್ತದೆ, ನಿಮಗೆ ಜಾಗ ಸಿಗದು. ಹೊರಗೆ ದ್ವೀಪದ ಮರೆಯಲ್ಲಿ ಲಂಗರು ಹಾಕಿ. ಸುತ್ತ ಬಂಡೆಗಳಿವೆ, ಆದ್ದರಿಂದ ಬಿಸಿಲಿರುವಾಗಲೇ ಬನ್ನಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆ. ಜನವರಿ ಮೊದಲ ವಾರಕ್ಕೆ ಮುಂದೂಡಿದ್ದೇವೆ, ಬೆಳಗ್ಗೆ ಆರಕ್ಕೆ ಲಂಗರು ಎತ್ತುವುದು ಎಂದು ಬರೆದು ಗೋಡೆಗೆ ಅಂಟಿಸಿದ್ದೇವೆ. ದೊಡ್ಡವನು ದೀಪಸ್ತಂಭಗಳ ಪಟ್ಟಿ ಶುರುಮಾಡಿದ್ದಾನೆ. ಬೇಲೆಕೇರಿಯಲ್ಲಿ ರಾತ್ರಿ ನಿಂತವರು ಯಾರಾದರೂ ಇದ್ದರೆ, ಅಲ್ಲಿ ತಳ ಕೆಸರೋ ಮರಳೋ ತಿಳಿಸಿ.