ಸಹಾಯ ಬೇಕು: ಹ್ಯಾಲೋವೀನ್ ಸಂಜೆ ಮಕ್ಕಳ ಜೊತೆ ನಡೆಯಲು, ಮರುದಿನ ನಾಣ್ಯ ಎಣಿಸಲು

ನ್ಯೂಜೆರ್ಸಿಯ ಕನ್ನಡ ಬಂಧುಗಳಿಗೆ ನಮಸ್ಕಾರ. ಅಕ್ಟೋಬರ್ 31ರ ಸಂಜೆ ನಮ್ಮ ಬಡಾವಣೆಯ ಹನ್ನೊಂದು ಮಕ್ಕಳು ಮಿಠಾಯಿ ಚೀಲದ ಜೊತೆಗೆ ಯುನಿಸೆಫ್‌ಗೆ (ವಿಶ್ವಸಂಸ್ಥೆಯ ಮಕ್ಕಳ ನಿಧಿಗೆ) ಚಿಲ್ಲರೆ ದೇಣಿಗೆ ಕೂಡಿಸುವ ಕಿತ್ತಳೆ ಬಣ್ಣದ ಡಬ್ಬಿಯನ್ನೂ ಹಿಡಿದು ಮನೆಮನೆಗೆ ಹೋಗಲಿದ್ದಾರೆ. ಜೊತೆಗೆ ನಡೆಯಲು ದೊಡ್ಡವರು ನಾವಿಬ್ಬರೇ. ಐದೂವರೆಯಿಂದ ಎಂಟರವರೆಗೆ ಇನ್ನೂ ಮೂವರು ದಯವಿಟ್ಟು ಬನ್ನಿ.

ಈ ಪದ್ಧತಿ ಹುಟ್ಟಿದ್ದು ಪಕ್ಕದ ಫಿಲಡೆಲ್ಫಿಯಾದಲ್ಲಿ, 1950ರಲ್ಲಿ. ಮೇರಿ ಎಮ್ಮಾ ಆಲಿಸನ್ ಮತ್ತು ಪಾದ್ರಿ ಕ್ಲೈಡ್ ಆಲಿಸನ್ ದಂಪತಿ ಹಾಲಿನ ಖಾಲಿ ಪೆಟ್ಟಿಗೆಗಳನ್ನು ಮಕ್ಕಳ ಕೈಗೆ ಕೊಟ್ಟು ಕಳಿಸಿದ್ದರು. ಕೂಡಿದ್ದು 17 ಡಾಲರ್. ಆ ಮೊತ್ತ ನೆನಪಾದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಹೋದ ವರ್ಷ ಮಳೆಗೆ ನೆನೆದು ನನ್ನ ಮಗನ ಡಬ್ಬಿಯ ತಳ ಬಿಚ್ಚಿಕೊಂಡಿತು. ಚಿಲ್ಲರೆಯೆಲ್ಲ ಒದ್ದೆ ಮೇಪಲ್ ಎಲೆಗಳ ನಡುವೆ ಚೆಲ್ಲಿತು. ಏಳು ವರ್ಷದ ಹುಡುಗ, ಮಿಠಾಯಿ ಚೀಲವನ್ನು ಪಕ್ಕಕ್ಕಿಟ್ಟು, ಮಂಡಿಯೂರಿ ಒಂದೊಂದೇ ನಾಣ್ಯವನ್ನು ಹೆಕ್ಕಿದ. ಒಂದು ಪೆನ್ನಿ ಸಿಗಲಿಲ್ಲವೆಂದು ಮನೆಗೆ ಬರಲು ಒಪ್ಪಲಿಲ್ಲ. ಆದ್ದರಿಂದ ಅಗಲವಾದ ಟೇಪ್ ಇದ್ದವರು ತನ್ನಿ, ಟಾರ್ಚ್ ಕೂಡ.

ಮರುದಿನ ರಾಜ್ಯೋತ್ಸವ. ಬೆಳಗ್ಗೆ ಧ್ವಜ ಹಾರಿಸಿದ ಮೇಲೆ ನಮ್ಮ ಮನೆಯಲ್ಲೇ ಎಣಿಕೆ. ಕ್ವಾರ್ಟರ್‌ಗಳನ್ನು (25 ಸೆಂಟಿನ ನಾಣ್ಯಗಳನ್ನು) ನಲವತ್ತರಂತೆ ಕಾಗದದಲ್ಲಿ ಸುತ್ತಬೇಕು, ಒಂದು ಸುರುಳಿಗೆ ಹತ್ತು ಡಾಲರ್. ನಾಣ್ಯಗಳನ್ನು ಅಂಚೆಯಲ್ಲಿ ಕಳಿಸಲಾಗದು, ಬ್ಯಾಂಕಿಗೆ ಕಟ್ಟಿ ಆ ಮೊತ್ತಕ್ಕೆ ಚೆಕ್ ಬರೆದು ಕಳಿಸಬೇಕು. ತಾಳ್ಮೆಯಿರುವ ಅಜ್ಜ ಅಜ್ಜಿಯರು ಊರಿನಿಂದ ಬಂದಿದ್ದರೆ ಕರೆತನ್ನಿ, ಬಿಸಿ ಉಪ್ಪಿಟ್ಟು, ಕಾಫಿ ಸಿದ್ಧವಿರುತ್ತದೆ. ಬರುವವರು ಇದರ ಕೆಳಗೇ ಹೆಸರು ಬರೆಯಿರಿ.