ಕಬಡ್ಡಿ ಪಂದ್ಯಾವಳಿ: ಮೊದಲು ಗೇಟ್ ನೋಡ್ರಪ್ಪ

ಎಲ್ರಿಗೂ ನಮಸ್ಕಾರ. ಟೈಪ್ ಮಾಡೋಕೆ ನನ್ ಕೈಲಾಗಲ್ಲ, ವಾಯ್ಸಲ್ಲೇ ಹೇಳ್ತೀನಿ. ಉದ್ದ ಆದ್ರೂ ಪೂರ್ತಿ ಕೇಳಿ. ಸೀನ, ಬೆಳಿಗ್ಗೆ ಹಾಕಿದ್ಯಲ್ಲ, ಹೊನಲು ಬೆಳಕಿನ ಕಬಡ್ಡಿಗೆ ಪೊಲೀಸ್ ಪರ್ಮಿಷನ್ ಆಯ್ತು, ಹತ್ತು ಹುಡುಗ್ರಿಗೆ ಬ್ಯಾಡ್ಜ್ ಕೊಟ್ರೆ ಸೆಕ್ಯೂರಿಟಿ ಮುಗೀತು, ಮೊದಲು ಬಂದ 500 ಜನಕ್ಕೆ ಗೇಟಲ್ಲೇ ಟೀ ಶರ್ಟ್ ಫ್ರೀ ಅಂತ. ಪರ್ಮಿಷನ್ ಸಿಕ್ಕಿದ್ದು ಸಂತೋಷ. ಆ ಟೀ ಶರ್ಟ್ ಒಂದು ಬೇಡ ಕಣಪ್ಪ.

2025ರ ಜೂನ್ 4ಕ್ಕೆ ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹತ್ರ ನೂಕುನುಗ್ಗಲಲ್ಲಿ 11 ಜನ ಸತ್ತೋದ್ರಲ್ಲ, ಅವತ್ತು ಮ್ಯಾಚೇ ಇರ್ಲಿಲ್ಲ. ಆರ್‌ಸಿಬಿ ಕಪ್ ಗೆದ್ದ ಮಾರನೇ ದಿನದ ಸಂಭ್ರಮ. ಒಳಗೆ ಹಿಡಿಯೋದು ಸುಮಾರು 35 ಸಾವಿರ, ಬಂದಿದ್ದು ಎರಡು ಮೂರು ಲಕ್ಷ ಅಂತ ಮುಖ್ಯಮಂತ್ರಿಗಳೇ ಹೇಳಿದ್ರು. ಪಾಸ್ ಬೇಕಾ, ಫ್ರೀನಾ, ಜನಕ್ಕೆ ಅದೇ ಗೊಂದಲ. ಮುಂದಿರೋನಿಗೆ ಗೇಟ್ ಹಾಕಿರೋದು ಕಾಣುತ್ತೆ, ಹಿಂದಿರೋನಿಗೆ ಕಾಣಲ್ಲ, ಅವ್ನು ತಳ್ತಾನೇ ಇರ್ತಾನೆ. ಬಿದ್ದು ತುಳಿಸ್ಕೊಂಡೇ ಸಾಯಬೇಕು ಅಂತೇನಿಲ್ಲ, ನಿಂತ ಜಾಗದಲ್ಲೇ ಎದೆ ಅದುಮಿ ಉಸಿರು ಕಟ್ಟುತ್ತೆ. ಟೀ ಶರ್ಟ್ ಕೊಡ್ಲೇಬೇಕು ಅಂದ್ರೆ ಹಿಂದಿನ ದಿನ ವಾರ್ಡ್‌ವಾರು ಮನೆಮನೆಗೆ ಹಂಚಿ.

ಈಗ ಪಂದ್ಯ ನಡೆಯೋ ನಮ್ ಹೈಸ್ಕೂಲ್ ಗೇಟ್ ನೆನಪು ಮಾಡ್ಕೊಳ್ಳಿ. ಎರಡು ರೆಕ್ಕೆ, ಒಂದೊಂದು ಐದಡಿ. ಎಡಗಡೆದು ತೆಗೆದು ಎಷ್ಟು ವರ್ಷ ಆಯ್ತೋ, ಕೆಳಗಿನ ಚಿಲಕ ತುಕ್ಕು ಹಿಡಿದು ಮಣ್ಣಲ್ಲಿ ಹೂತೋಗೈತೆ. ಅದ್ರ ಮೇಲೆ ಎರಡೂ ಒಳಕ್ಕೆ ತೆರ್ಕೊಳ್ಳೋವು. ಒಳಗಿಂದ ಜನ ಒಟ್ಟಿಗೆ ನುಗ್ಗಿದ್ರೆ ಅವರ ಭಾರಕ್ಕೇ ಗೇಟ್ ಮುಚ್ಕೊಳ್ಳುತ್ತೆ. ಲೆಕ್ಕ ಹಾಕಿ: ಒಂದು ಮೀಟರ್ ಅಗಲದ ದಾರೀಲಿ ನಿಮಿಷಕ್ಕೆ 80 ಜನ ದಾಟಿದ್ರೆ ಜಾಸ್ತಿ. ಐದಡಿಗೆ 120. ಫೈನಲ್‌ಗೆ ಮೂರು ಸಾವಿರ ಸೇರಿದ್ರೆ ಖಾಲಿ ಆಗೋಕೆ 25 ನಿಮಿಷ! ಜನರೇಟರ್ ಹತ್ರ ಬೆಂಕಿ ಕಂಡ್ರೆ ಯಾರು ಕಾಯ್ತಾರೆ? ಬ್ರಿಟನ್ನಲ್ಲಿ ಸ್ಟೇಡಿಯಂಗಳಿಗೆ ಇಟ್ಕೊಂಡಿರೋ ಮಿತಿ ಹೆಚ್ಚು ಅಂದ್ರೆ 8 ನಿಮಿಷ. ಅದಕ್ಕೇ ಎರಡೂ ರೆಕ್ಕೇನ ಕೀಲಿಂದಲೇ ಎತ್ತಿ ಪಕ್ಕಕ್ಕಿಡೋಣ. ಕೆರೆ ಏರಿ ಕಡೆ ತಂತಿ ಬೇಲೀನ ಹತ್ತಡಿ ಬಿಚ್ಚಿ, ಅಲ್ಲೊಂದು ಲೈಟ್ ಹಾಕಿ, "ಹೊರಗೆ ಹೋಗುವ ದಾರಿ" ಅಂತ ಬೋರ್ಡ್ ಕಟ್ಟೋಣ. ಆ ದಾರೀಲಿ ಗೋಬಿ ಗಾಡಿ, ಬೈಕು ಏನೂ ನಿಲ್ಲಂಗಿಲ್ಲ. 108 ಬಂದ್ರೂ ಅಲ್ಲಿಂದಲೇ ಬರ್ಬೇಕು.

ಗ್ಯಾಲರಿ ವಿಷ್ಯ. ಅಡಿಕೆ ಮರ, ಸರ್ವೆ ಗಳ ಕಟ್ಟಿ ಐದು ಮೆಟ್ಲು ಮಾಡ್ತೀವಿ ಅಂತಿದೀರ. ತೆಲಂಗಾಣದ ಸೂರ್ಯಪೇಟೆಲಿ 2021ರ ಮಾರ್ಚಲ್ಲಿ ಇಂಥದ್ದೇ ಕಬಡ್ಡಿ ಗ್ಯಾಲರಿ ಕುಸಿದು ನೂರಕ್ಕೂ ಹೆಚ್ಚು ಜನಕ್ಕೆ ಏಟಾಯ್ತು, ಅದೂ ರಾಷ್ಟ್ರಮಟ್ಟದ ಜೂನಿಯರ್ ಪಂದ್ಯಾವಳಿ. ಕಟ್ಟಿದೋರನ್ನ ಕೇಳಿದ್ರೆ "ಆನೆ ಹತ್ತಿದ್ರೂ ಏನಾಗಲ್ಲ" ಅಂತಾರೆ, ಇನ್ನೇನಂತಾರೆ? ಗುಬ್ಬಿಯಿಂದ ಇಂಜಿನಿಯರ್ ಕರ್ಸಿ ಬರವಣಿಗೇಲಿ ಕೊಡಿಸಿ. ಇಲ್ಲಾಂದ್ರೆ ನೆಲದ ಮೇಲೆ ಜಮಖಾನ ಹಾಸಿ, ಹಿಂದೆ ಕುರ್ಚಿ.

ಬ್ಯಾಗ್ ಚೆಕ್ ಅಂದ್ರೆ ಯಾರೋ ನಗೋ ಎಮೋಜಿ ಹಾಕಿದ್ರಿ. 2010ರ ಏಪ್ರಿಲಲ್ಲಿ ಚಿನ್ನಸ್ವಾಮಿ ಗೋಡೆ ಹತ್ರ ಮ್ಯಾಚಿಗೆ ಮುಂಚೆ ಬಾಂಬ್ ಸಿಡಿದಿತ್ತು. ನಮ್ಮೂರಿಗೆ ಆ ಭಯ ಇಲ್ಲ, ಒಪ್ತೀನಿ. ಆದ್ರೆ ಕ್ವಾರ್ಟರ್ ಬಾಟ್ಲಿ ಬರುತ್ತಲ್ಲ, ರೆಫ್ರಿ ಪಾಯಿಂಟ್ ಕೊಡ್ಲಿಲ್ಲ ಅಂದ್ರೆ ಅದೇ ಅಂಕಣಕ್ಕೆ ಬೀಳೋದು.

ಸೀನ, ನಾಳೆ ಸಂಜೆ ಐದಕ್ಕೆ ಗೇಟ್ ಹತ್ರ ಬಾ. ಟೇಪ್ ನಾನು ತರ್ತೀನಿ, ಸ್ಪ್ಯಾನರ್ರು, ಸೀಮೆಎಣ್ಣೆ ನೀನು ತಾ.