ಅಂತರ್ಜಲದ ಸ್ಯಾಂಪಲ್: ಆ್ಯಸಿಡ್ ಹಾಕುವ ಮೊದಲು ಸೋಸಬೇಕಾ?

ಪ್ರಶ್ನೆ: ಮಾನಿಟರಿಂಗ್ ಬಾವಿಯಿಂದ (ಅಂತರ್ಜಲ ಪರೀಕ್ಷಿಸಲೆಂದೇ ಕೊರೆದ ಬಾವಿ) ಕಬ್ಬಿಣ, ಆರ್ಸೆನಿಕ್, ನೈಟ್ರೇಟ್ ಪರೀಕ್ಷೆಗೆ ನೀರು ತೆಗೆಯಬೇಕು. ಹೋದ ಸಲ ಬೇಲರ್ (ಹಗ್ಗ ಕಟ್ಟಿ ನೀರೆತ್ತುವ ಉದ್ದ ಕೊಳವೆ) ಇಳಿಸಿ ಎತ್ತಿದೆ, ನೀರು ಕೆಸರಾಗಿ ಬಂತು, ಲೋಹ ಕರಗಿದ ಹಾಗೇ ಉಳಿಯಲಿ ಅಂತ ಸೋಸದೇ ಆ್ಯಸಿಡ್ ಹಾಕಿ ಲ್ಯಾಬಿಗೆ ಕಳಿಸಿದೆ. ಕಬ್ಬಿಣ ನಂಬೋಕಾಗದಷ್ಟು ಜಾಸ್ತಿ ಬಂದಿದೆ. ಸೋಸಬೇಕಿತ್ತಾ?

ಉತ್ತರ 1: ಮೊದಲು ಬೇಲರ್ ಬಿಡಿ. ಅದು ತಳದ ಕೆಸರನ್ನು ಕಲಕುತ್ತದೆ, ಮೇಲೆ ಆ್ಯಸಿಡ್ ಬಿದ್ದರೆ ಮಣ್ಣಿನ ಕಣಕ್ಕೆ ಅಂಟಿದ್ದ ಕಬ್ಬಿಣವೂ ಕರಗಿ ಲೆಕ್ಕಕ್ಕೆ ಸೇರುತ್ತದೆ. ಪಂಪ್ ನಿಧಾನವಾಗಿ ಓಡಿಸಿ, ನಿಮಿಷಕ್ಕೆ 100ರಿಂದ 500 ಮಿಲಿ ಸಾಕು. ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ ಸತತ ಮೂರು ರೀಡಿಂಗ್‌ನಲ್ಲಿ ಹೆಚ್ಚು ಬದಲಾಗದೆ ನಿಂತ ಮೇಲೆ ಬಾಟಲಿ ಹಿಡಿಯಿರಿ. ಈ ಕಾಯುವಿಕೆ ಬೇಜಾರು, ಆದರೆ ಬಿಡಬೇಡಿ.

ಉತ್ತರ 2: ಕರಗಿದ ಲೋಹ ಬೇಕಿದ್ದರೆ ಪಂಪ್ ಪೈಪಿಗೇ 0.45 ಮೈಕ್ರಾನ್ ಫಿಲ್ಟರ್ ಹಾಕಿ ಅಲ್ಲೇ ಸೋಸಿ, ಆಮೇಲೆ ನೈಟ್ರಿಕ್ ಆ್ಯಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ತನ್ನಿ. ಲ್ಯಾಬಿಗೆ ಹೋಗಿ ಸೋಸೋಣ ಅಂದ್ರೆ ಅಷ್ಟರಲ್ಲಿ ಗಾಳಿ ತಾಗಿ ಕಬ್ಬಿಣ ಕಂದು ಪುಡಿಯಾಗಿ ಕೂತು ಆರ್ಸೆನಿಕ್ಕನ್ನೂ ಎಳೆದುಕೊಂಡುಬಿಡುತ್ತದೆ. ಸೋಸದ ಬಾಟಲಿಯೂ ಒಂದಿರಲಿ, ಎರಡನ್ನೂ ಹೋಲಿಸಬಹುದು.

ಉತ್ತರ 3: ನೈಟ್ರೇಟ್‌ಗೆ ಆ್ಯಸಿಡ್ ಹಾಕಿದ ಬಾಟಲಿ ಬಳಸಬೇಡಿ, ನೈಟ್ರಿಕ್ ಆ್ಯಸಿಡ್‌ನಲ್ಲೇ ನೈಟ್ರೇಟ್ ಇದೆ ಅಲ್ವಾ! ಬೇರೆ ಬಾಟಲಿ, ಐಸ್ ಪೆಟ್ಟಿಗೆ, 48 ಗಂಟೆಯೊಳಗೆ ಲ್ಯಾಬಿನಲ್ಲಿ ಪರೀಕ್ಷೆ ಮುಗಿಯಬೇಕು.

ಪ್ರಶ್ನೆ ಕೇಳಿದವರು: ಒಂದೇ ಬಾಟಲಿಯಲ್ಲಿ ಕಳಿಸಿದ್ದೆ. ಮತ್ತೆ ಹೋಗಿ ತೆಗೆಯುತ್ತೇನೆ.